ಪಿಕ್ಸಾರ್ ಬೆಳೆದ ಬಗೆ, ಡಿಸ್ನಿ ಅದನ್ನು ಕೊಂಡ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಕ್ಸಾರ್ ಕಟ್ಟಿದ್ದು ಸ್ಟೀವ್ ಜಾಬ್ಸ್ ಅಲ್ಲವೆ?

ಪಿಕ್ಸಾರ್ ಎಂಬ ಕಂಪ್ಯೂಟರ್ ಆನಿಮೇಷನ್ ಸ್ಟುಡಿಯೊಗೆ ದುಡ್ಡು ಹಾಕಿ ಇಪ್ಪತ್ತು ವರ್ಷ ಕಾಪಾಡಿದವರು ಜಾಬ್ಸ್. ಆದರೆ ತಂಡ ಅವರು ಬರುವುದಕ್ಕೆ ಎಷ್ಟೋ ಮೊದಲೇ ಇತ್ತು. ಎಡ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿದರು. ಆಮೇಲೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಯೋಗಾಲಯಕ್ಕೆ ಸೇರಿದರು. ಆಲ್ವಿ ರೇ ಸ್ಮಿತ್ ಜೊತೆಯಾದದ್ದು ಅಲ್ಲೇ. ಇಡೀ ಚಲನಚಿತ್ರವನ್ನು ಕಂಪ್ಯೂಟರ್‌ನಲ್ಲೇ ಮಾಡಬೇಕೆಂಬ ಹಟ ಅವರಿಬ್ಬರದು. 1979ರಲ್ಲಿ ‘ಸ್ಟಾರ್ ವಾರ್ಸ್’ ನಿರ್ದೇಶಕ ಜಾರ್ಜ್ ಲ್ಯೂಕಸ್ ತಮ್ಮ ಲ್ಯೂಕಸ್‌ಫಿಲ್ಮ್ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ ಕ್ಯಾಟ್ಮಲ್ ಅವರನ್ನು ಕರೆಸಿಕೊಂಡರು. ಡಿಸ್ನಿಯಲ್ಲಿ ಕೆಲಸ ಕಳೆದುಕೊಂಡ ಆನಿಮೇಟರ್ ಜಾನ್ ಲ್ಯಾಸೆಟರ್ ಕೂಡ ಅಲ್ಲಿಗೆ ಬಂದರು. ಜಾಬ್ಸ್ ಕೊಂಡದ್ದು ಈ ತಂಡವನ್ನು.

ಒಂದು ಕೋಟಿ ಡಾಲರ್ ಕೊಟ್ಟು ಕೊಂಡರು ಎನ್ನುತ್ತಾರೆ. ಸರಿಯೆ?

ಅರ್ಧ ಸರಿ. ಲ್ಯೂಕಸ್‌ಫಿಲ್ಮ್‌ಗೆ ಸಂದದ್ದು 50 ಲಕ್ಷ ಡಾಲರ್, ತಂತ್ರಜ್ಞಾನದ ಹಕ್ಕಿಗಾಗಿ. ಉಳಿದ 50 ಲಕ್ಷ ಡಾಲರ್ ಹೊಸ ಕಂಪನಿಯ ಬಂಡವಾಳವಾಗಿ ಪಿಕ್ಸಾರ್ ಖಾತೆಗೇ ಹೋಯಿತು. 1986ರ ಫೆಬ್ರವರಿ 3ರಂದು ಕಂಪನಿ ನೋಂದಣಿಯಾದಾಗ ಒಳಗಿದ್ದವರು ಸುಮಾರು ನಲವತ್ತು ಜನ.

ಲ್ಯೂಕಸ್ ಅಷ್ಟು ಕಡಿಮೆಗೆ ಯಾಕೆ ಬಿಟ್ಟುಕೊಟ್ಟರು? 1983ರ ವಿಚ್ಛೇದನದ ನಂತರ ಅವರಿಗೆ ನಗದು ಬೇಕಿತ್ತು, ಈ ವಿಭಾಗವೋ ಖರ್ಚಿನದು. ಫಿಲಿಪ್ಸ್ ಮತ್ತು ಜನರಲ್ ಮೋಟರ್ಸ್‌ನ ಇಡಿಎಸ್ ಕಂಪನಿ ಸೇರಿ ಕೊಳ್ಳಲು ನಡೆಸಿದ ಮಾತುಕತೆ 1985ರ ಕೊನೆಯಲ್ಲಿ ಮುರಿದುಬಿತ್ತು. ಅಷ್ಟರಲ್ಲಿ ಜಾಬ್ಸ್ ಆ್ಯಪಲ್‌ನಿಂದ ಹೊರಬಂದಿದ್ದರು, ಕೈಯಲ್ಲಿ ಹಣವಿತ್ತು.

ಮೊದಲು ಪಿಕ್ಸಾರ್ ಮಾರುತ್ತಿದ್ದುದು ಕಂಪ್ಯೂಟರ್ ಅಂತೆ, ಹೌದೆ?

ಹೌದು. ‘ಪಿಕ್ಸಾರ್ ಇಮೇಜ್ ಕಂಪ್ಯೂಟರ್’ ಎಂಬ ಯಂತ್ರ, ಬೆಲೆ 1,35,000 ಡಾಲರ್. ಅದು ಒಂಟಿಯಾಗಿ ಓಡುತ್ತಿರಲಿಲ್ಲ. ಜೊತೆಗೆ ಸನ್ ಅಥವಾ ಸಿಲಿಕಾನ್ ಗ್ರಾಫಿಕ್ಸ್‌ನ ವರ್ಕ್‌ಸ್ಟೇಷನ್ ಬೇಕು, ಅದಕ್ಕೆ ಇನ್ನೊಂದು 35,000 ಡಾಲರ್. ಆಸ್ಪತ್ರೆಗಳ ಸ್ಕ್ಯಾನ್ ಚಿತ್ರ, ಉಪಗ್ರಹ ಚಿತ್ರಗಳಂಥ ಭಾರೀ ಚಿತ್ರಗಳನ್ನು ಸಂಸ್ಕರಿಸುವುದು ಇದರ ಕೆಲಸ. ಎಲ್ಲ ಸೇರಿ 300 ಯಂತ್ರಗಳೂ ಖರ್ಚಾಗಲಿಲ್ಲ. 1990ರಲ್ಲಿ ಇಡೀ ಹಾರ್ಡ್‌ವೇರ್ ವಿಭಾಗವನ್ನು ವೈಕಾಮ್ ಸಿಸ್ಟಮ್ಸ್ ಎಂಬ ಕಂಪನಿಗೆ 20 ಲಕ್ಷ ಡಾಲರ್‌ಗೆ ಕೊಟ್ಟು ಕೈತೊಳೆದುಕೊಂಡರು.

ಯಂತ್ರ ಕೊಂಡ ಗಿರಾಕಿಗಳಲ್ಲಿ ಮುಖ್ಯವಾದದ್ದು ಡಿಸ್ನಿ. ಕೈಯಲ್ಲಿ ಬರೆದ ಪೆನ್ಸಿಲ್ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲೇ ಬಣ್ಣ ತುಂಬಿ, ಹಿನ್ನೆಲೆಯೊಂದಿಗೆ ಜೋಡಿಸುವ ‘ಕ್ಯಾಪ್ಸ್’ ಎಂಬ ವ್ಯವಸ್ಥೆಯನ್ನು ಇಬ್ಬರೂ ಸೇರಿ ಕಟ್ಟಿದರು. ಡಿಸ್ನಿಯವರು ಪಿಕ್ಸಾರ್‌ನ ಕೆಲಸವನ್ನು ಹತ್ತಿರದಿಂದ ಕಂಡದ್ದು ಹೀಗೆ. ಮುಂದಿನ ಎಲ್ಲ ಒಪ್ಪಂದಗಳ ಬೇರು ಇಲ್ಲಿದೆ.

ಹತ್ತು ವರ್ಷ ನಷ್ಟದಲ್ಲಿದ್ದ ಕಂಪನಿ ಮುಚ್ಚದೆ ಉಳಿದದ್ದು ಹೇಗೆ?

ಜಾಬ್ಸ್ ಜೇಬಿನಿಂದ. ವರ್ಷವರ್ಷವೂ ಹಾಕುತ್ತ ಹೋದ ಹಣ ಒಟ್ಟು 5 ಕೋಟಿ ಡಾಲರ್‌ನಷ್ಟಾಯಿತು. ಟ್ರಾಪಿಕಾನ, ಲಿಸ್ಟರಿನ್ ಮುಂತಾದವುಗಳ ಟಿವಿ ಜಾಹೀರಾತುಗಳಿಂದ ಒಂದಿಷ್ಟು ಬರುತ್ತಿತ್ತು, ರೆಂಡರ್‌ಮ್ಯಾನ್ ಸಾಫ್ಟ್‌ವೇರ್‌ನಿಂದ ಇನ್ನೊಂದಿಷ್ಟು. ಸಾಲದೆ 1991ರ ಆರಂಭದಲ್ಲಿ 72 ಜನರಲ್ಲಿ 30 ಜನರನ್ನು ಮನೆಗೆ ಕಳಿಸಿದರು.

ಇಷ್ಟರ ನಡುವೆಯೂ ಕಿರುಚಿತ್ರಗಳನ್ನು ನಿಲ್ಲಿಸಲಿಲ್ಲ ಎಂಬುದೇ ದೊಡ್ಡ ಮಾತು. ಅವುಗಳಿಂದ ಕಾಸು ಹುಟ್ಟುತ್ತಿರಲಿಲ್ಲ. ಆದರೆ ಹೊಸ ತಂತ್ರವನ್ನು ಪರೀಕ್ಷಿಸಲು ಅದೊಂದೇ ದಾರಿ. 1988ರ ‘ಟಿನ್ ಟಾಯ್’ ಆಸ್ಕರ್ ಪಡೆಯಿತು, ಕಂಪ್ಯೂಟರ್ ಆನಿಮೇಷನ್‌ಗೆ ಸಿಕ್ಕ ಮೊದಲ ಆಸ್ಕರ್ ಅದು. ಲೆಕ್ಕ ನೋಡುವವರ ಮಾತು ಕೇಳಿದ್ದರೆ ಆ ವಿಭಾಗವೇ ಮೊದಲು ಮುಚ್ಚಬೇಕಿತ್ತು.

ರೆಂಡರ್‌ಮ್ಯಾನ್ ನಿಜಕ್ಕೂ ಮಾಡುವ ಕೆಲಸ ಏನು?

ಕಂಪ್ಯೂಟರ್‌ನಲ್ಲಿ ಗೊಂಬೆಯ ಆಕಾರ, ಮೈಯ ಬಣ್ಣ, ದೀಪಗಳ ಜಾಗ, ಕ್ಯಾಮೆರಾದ ಕೋನ ಎಲ್ಲವೂ ಬರೀ ಅಂಕಿಗಳಾಗಿರುತ್ತವೆ. ಅವನ್ನು ಕೊನೆಯ ಚಿತ್ರವಾಗಿಸುವ ಕ್ರಿಯೆಗೆ ರೆಂಡರಿಂಗ್ ಎನ್ನುತ್ತಾರೆ. ಇವರ ಮೂಲ ವಿಧಾನದ ಹೆಸರು ರೇಯ್ಸ್. ಪ್ರತಿ ಮೇಲ್ಮೈಯನ್ನೂ ಒಂದು ಪಿಕ್ಸೆಲ್‌ಗಿಂತ (ಪರದೆಯ ಒಂದು ಚುಕ್ಕೆಗಿಂತ) ಚಿಕ್ಕ ಚೂರುಗಳಾಗಿ ಒಡೆದು, ಚೂರು ಚೂರಿಗೂ ಬಣ್ಣ ಲೆಕ್ಕ ಹಾಕುವುದು ಅದರ ತಿರುಳು. ಹಾಗೆ ಮಾಡಿದರೆ ದುಂಡನೆಯ ವಸ್ತುವಿನ ಅಂಚು ಮುರಿದಂತೆ ಕಾಣುವುದಿಲ್ಲ.

ಎರಡನೆಯ ತೊಡಕು ಚಲನೆಯದು. ನಿಜವಾದ ಕ್ಯಾಮೆರಾದಲ್ಲಿ ವೇಗವಾಗಿ ಚಲಿಸುವ ಕೈ ಸ್ವಲ್ಪ ಮಸುಕಾಗುತ್ತದೆ. ಕಂಪ್ಯೂಟರ್ ಚಿತ್ರದಲ್ಲಿ ಅದು ಇಲ್ಲದಿದ್ದರೆ ಪಾತ್ರ ಝಟಕಾಗಿ ಕುಣಿದಂತೆ ಕಾಣುತ್ತದೆ. ಒಂದು ಫ್ರೇಮಿನ, ಅಂದರೆ ಸಿನಿಮಾದ ಒಂದು ಬಿಡಿ ಚಿತ್ರದ, ಅವಧಿಯೊಳಗೆ ಬೇರೆ ಬೇರೆ ಕ್ಷಣಗಳಿಂದ ಮಾದರಿಗಳನ್ನು ಚದುರಿಸಿ ತೆಗೆದು ಈ ಮಸುಕನ್ನು ತಂದರು. ರಾಬ್ ಕುಕ್, ಲೊರೆನ್ ಕಾರ್ಪೆಂಟರ್, ಕ್ಯಾಟ್ಮಲ್ ಈ ಮೂವರಿಗೆ 2001ರಲ್ಲಿ ರೆಂಡರಿಂಗ್‌ನ ಈ ಕೆಲಸಕ್ಕಾಗಿ ಅಕಾಡೆಮಿಯ ಆಸ್ಕರ್ ಪ್ರತಿಮೆ ಸಂದಿತು. ಈಗ ರೆಂಡರ್‌ಮ್ಯಾನ್‌ನಲ್ಲಿ ರೇಯ್ಸ್ ವಿಧಾನ ಬಳಕೆಯಲ್ಲಿಲ್ಲ. ಬೆಳಕಿನ ಕಿರಣಗಳ ಜಾಡು ಹಿಡಿದು ಲೆಕ್ಕ ಹಾಕುವ ಪಾತ್ ಟ್ರೇಸಿಂಗ್ ಅದರ ಜಾಗಕ್ಕೆ ಬಂದಿದೆ.

ಪಿಕ್ಸಾರ್‌ನ ಮೊದಲ ಪೂರ್ಣಪ್ರಮಾಣದ ಚಿತ್ರ ‘ಟಾಯ್ ಸ್ಟೋರಿ’ಯನ್ನು ರೆಂಡರ್ ಮಾಡಲು ಎಷ್ಟು ಯಂತ್ರ, ಎಷ್ಟು ಹೊತ್ತು ಬೇಕಾಯಿತು?

117 ಸನ್ ವರ್ಕ್‌ಸ್ಟೇಷನ್‌ಗಳು: ಎರಡು ಪ್ರೊಸೆಸರ್‌ನವು 87, ನಾಲ್ಕು ಪ್ರೊಸೆಸರ್‌ನವು 30, ಒಟ್ಟು 294 ಪ್ರೊಸೆಸರ್. ಚಿತ್ರದಲ್ಲಿ 1,14,240 ಫ್ರೇಮುಗಳಿದ್ದವು. ಸೆಕೆಂಡಿಗೆ 24 ಫ್ರೇಮಿನಂತೆ ಲೆಕ್ಕ ಹಾಕಿದರೆ 79 ನಿಮಿಷ ಚಿಲ್ಲರೆ. ಹೇಳುವ ಲೆಕ್ಕ 8,00,000 ಯಂತ್ರ-ಗಂಟೆಗಳು (ಒಂದು ಯಂತ್ರ ಒಂದು ಗಂಟೆ ದುಡಿದರೆ ಒಂದು ಯಂತ್ರ-ಗಂಟೆ). ಭಾಗಿಸಿ ನೋಡಿದರೆ ಫ್ರೇಮಿಗೆ ಸರಾಸರಿ ಏಳು ಗಂಟೆ. ಸುಲಭದ ಫ್ರೇಮು 45 ನಿಮಿಷಕ್ಕೆ ಮುಗಿದರೆ, ಕಷ್ಟದ್ದು 30 ಗಂಟೆಯವರೆಗೂ ಹಿಡಿಯುತ್ತಿತ್ತು. ಹೀಗಿರುವಾಗ ಬೆಳಕು ಜೋಡಿಸುವವರು ಒಂದು ದೀಪ ತಪ್ಪಿಟ್ಟರೂ ಅದು ಗೊತ್ತಾಗುವುದು ಮರುದಿನ. ಅದಕ್ಕೇ ಮೊದಲು ಸಣ್ಣ ಅಳತೆಯಲ್ಲಿ, ಒರಟಾಗಿ ರೆಂಡರ್ ಮಾಡಿ ನೋಡುವ ಅಭ್ಯಾಸ ಈ ಕಸುಬಿನಲ್ಲಿ ಬೇರೂರಿದೆ.

ಪ್ಲಾಸ್ಟಿಕ್ ಗೊಂಬೆಗಳ ಕಥೆಯನ್ನೇ ಆರಿಸಿಕೊಂಡದ್ದೂ ಜಾಣತನ. ಅಂದಿನ ತಂತ್ರದಲ್ಲಿ ಚರ್ಮ, ಕೂದಲು, ಬಟ್ಟೆ ಚೆನ್ನಾಗಿ ಬರುತ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಹೊಳಪು ಬರುತ್ತಿತ್ತು. 2001ರ ‘ಮಾನ್‌ಸ್ಟರ್ಸ್, ಇಂಕ್.’ ಹೊತ್ತಿಗೆ ಒಂದೇ ಪಾತ್ರದ ಮೈಮೇಲೆ 23 ಲಕ್ಷ ರೋಮಗಳು ಅಲುಗಾಡುತ್ತಿದ್ದವು.

‘ಟಾಯ್ ಸ್ಟೋರಿ’ಯ ಕೆಲಸ ನಡುವೆ ನಿಂತುಹೋಗಿತ್ತು ಎಂಬುದು ನಿಜವೆ?

ನಿಜ. 1993ರ ನವೆಂಬರ್‌ನಲ್ಲಿ ಡಿಸ್ನಿಯವರಿಗೆ ಸ್ಟೋರಿ ರೀಲ್ ತೋರಿಸಿದರು. ಸ್ಟೋರಿ ರೀಲ್ ಎಂದರೆ ಕೈಬರಹದ ಚಿತ್ರಗಳನ್ನು ಸಾಲಾಗಿ ಜೋಡಿಸಿ, ತಾತ್ಕಾಲಿಕ ದನಿ ಸೇರಿಸಿದ ಕರಡು ಸಿನಿಮಾ. ಕಥೆಗೆ ಖಾರ ಇರಲಿ ಎಂದು ಡಿಸ್ನಿಯ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಒತ್ತಾಯಿಸುತ್ತ ಬಂದಿದ್ದರು. ಅದನ್ನು ಪಾಲಿಸಿ ಪಾಲಿಸಿ ನಾಯಕ ವುಡಿ ಯಾರಿಗೂ ಬೇಡವಾದ ಜಬರ್ದಸ್ತಿನ ಗೊಂಬೆಯಾಗಿ ಕೂತಿದ್ದ. ಡಿಸ್ನಿ ಕೆಲಸ ನಿಲ್ಲಿಸಿತು. ತಂಡ ಕಥೆಯನ್ನು ಮತ್ತೆ ಬರೆದು, 1994ರಲ್ಲಿ ಒಪ್ಪಿಸಿ, ಕೆಲಸ ಮುಂದುವರಿಸಿತು.

ತಪ್ಪು ರೀಲಿನ ಹಂತದಲ್ಲೇ ಸಿಕ್ಕಿದ್ದರಿಂದ ಬಚಾವಾದರು. ಚಿತ್ರ ಬರೆದು ಹರಿದುಹಾಕುವುದು ಅಗ್ಗ. ಆನಿಮೇಷನ್, ಬೆಳಕು, ರೆಂಡರ್ ಎಲ್ಲ ಮುಗಿದ ದೃಶ್ಯವನ್ನು ಎಸೆಯುವುದು ಬಹಳ ದುಬಾರಿ. ಒಂದೇ ಚಿತ್ರದ ರೀಲನ್ನು ಹಲವು ಸಲ ಕಟ್ಟಿ, ಎಲ್ಲರೂ ಕೂತು ನೋಡಿ, ಒಡೆದು ಮತ್ತೆ ಕಟ್ಟುವ ಪಿಕ್ಸಾರ್ ಪದ್ಧತಿಗೆ ಇದೇ ಕಾರಣ.

ಚಿತ್ರ ಮಾಡಲು ಡಿಸ್ನಿ, ಪಿಕ್ಸಾರ್ 1991ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಯಾರಿಗೆ ಲಾಭ ಇತ್ತು?

ಡಿಸ್ನಿಗೆ. ಮೂರು ಚಿತ್ರಗಳಿಗೆ 2.6 ಕೋಟಿ ಡಾಲರ್ ಎಂದು ಮಾತಾಗಿತ್ತು. ಪಾತ್ರಗಳು, ಮುಂದುವರಿದ ಭಾಗಗಳು ಎಲ್ಲವೂ ಡಿಸ್ನಿಯ ಸ್ವತ್ತು. ಪಿಕ್ಸಾರ್‌ಗೆ ಲಾಭದಲ್ಲಿ ಸಣ್ಣ ಪಾಲು. ಆಗ ಸಂಬಳಕ್ಕೇ ಪರದಾಡುತ್ತಿದ್ದ ಕಂಪನಿ, ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಚಿತ್ರ ಬಿಡುಗಡೆಯಾದ ಒಂದೇ ವಾರಕ್ಕೆ ಷೇರು ಬಿಟ್ಟದ್ದೇಕೆ?

‘ಟಾಯ್ ಸ್ಟೋರಿ’ 1995ರ ನವೆಂಬರ್ 22ರಂದು ತೆರೆಗೆ ಬಂತು, ಐಪಿಒ (ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರುವುದು) ನವೆಂಬರ್ 29ಕ್ಕೆ. ಜಾಬ್ಸ್ ಅವರ ಲೆಕ್ಕಾಚಾರ ಸರಳವಾಗಿತ್ತು. ಚಿತ್ರ ಗೆದ್ದರೆ ಡಿಸ್ನಿ ಜೊತೆ ಮತ್ತೆ ಮಾತುಕತೆಗೆ ಕೂರಬೇಕು. ಆಗ ನಿರ್ಮಾಣದ ಅರ್ಧ ಖರ್ಚು ನಾವೇ ಹಾಕುತ್ತೇವೆ ಎನ್ನಲು ಸ್ವಂತ ಹಣ ಇರಬೇಕು. ಅರ್ಧ ಖರ್ಚು ಹಾಕದವರಿಗೆ ಅರ್ಧ ಲಾಭ ಯಾರೂ ಕೊಡುವುದಿಲ್ಲ.

69 ಲಕ್ಷ ಷೇರುಗಳನ್ನು ತಲಾ 22 ಡಾಲರ್‌ಗೆ ಬಿಟ್ಟರು. ಮೊದಲ ದಿನ 47ಕ್ಕೆ ಶುರುವಾಗಿ 39ಕ್ಕೆ ನಿಂತಿತು. ಖರ್ಚು ಕಳೆದು ಕಂಪನಿಗೆ ಬಂದದ್ದು ಸುಮಾರು 14 ಕೋಟಿ ಡಾಲರ್, ಆ ವರ್ಷದ ಅತಿ ದೊಡ್ಡ ಐಪಿಒ. ಜಾಬ್ಸ್ ಬಳಿ ಇದ್ದ 3 ಕೋಟಿ ಷೇರುಗಳ ಬೆಲೆ ಅಂದು ಸಂಜೆ 117 ಕೋಟಿ ಡಾಲರ್. ಈ 3 ಕೋಟಿ ಎಂಬ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

1997ರ ಒಪ್ಪಂದದ ಲೆಕ್ಕ ಹೇಗೆ?

1997ರ ಫೆಬ್ರವರಿಯಲ್ಲಿ ಹಳೆಯ ಕರಾರಿನ ಜಾಗಕ್ಕೆ ಹೊಸದು ಬಂತು: ಹತ್ತು ವರ್ಷದಲ್ಲಿ ಐದು ಚಿತ್ರ, ಖರ್ಚು ಅರ್ಧರ್ಧ, ಲಾಭ ಅರ್ಧರ್ಧ, ಪರದೆಯ ಮೇಲೆ ಎರಡು ಹೆಸರಿಗೂ ಸಮಾನ ಸ್ಥಾನ. ‘ಅರ್ಧರ್ಧ’ ಎಂದ ಕೂಡಲೇ ಬಂದ ಹಣವೆಲ್ಲ ಸಮಪಾಲು ಎಂದುಕೊಳ್ಳುವವರು ಬಹಳ. ಹಾಗಲ್ಲ. ಪಾಲು ಮಾಡುವ ಮೊದಲೇ ವಿತರಕರಾಗಿ ಡಿಸ್ನಿ 12.5% ಶುಲ್ಕ ಎತ್ತಿಕೊಳ್ಳುತ್ತಿತ್ತು. ಪ್ರಚಾರ ಮತ್ತು ಪ್ರಿಂಟುಗಳ ಖರ್ಚೂ ಮೊದಲೇ ಕಳೆಯಬೇಕು.

ತಿಳಿಯಲೆಂದು ಒಂದು ಉದಾಹರಣೆ, ಅಂಕಿಗಳು ಕಲ್ಪಿತ. ವಿತರಕರ ಕೈಗೆ 100 ರೂಪಾಯಿ ಬಂತು ಎನ್ನಿ. ಶುಲ್ಕ 12.50 ಹೋಗಿ 87.50. ಪ್ರಚಾರಕ್ಕೆ 30 ಹೋಗಿ 57.50. ನಿರ್ಮಾಣಕ್ಕೆ ಇಬ್ಬರೂ ಹಾಕಿದ್ದ ಹತ್ತು ಹತ್ತು ರೂಪಾಯಿ ವಾಪಸಾದರೆ ಉಳಿಯುವುದು 37.50. ಇದರಲ್ಲಿ ತಲಾ 18.75. ಶುಲ್ಕವನ್ನೂ ಸೇರಿಸಿದರೆ ಡಿಸ್ನಿಗೆ 31.25, ಪಿಕ್ಸಾರ್‌ಗೆ 18.75. ಕಥೆ, ಚಿತ್ರ, ತಂತ್ರ ಎಲ್ಲ ಪಿಕ್ಸಾರ್‌ನದು. ಮುಂದೆ ಜಗಳ ಹತ್ತಿದ್ದು ಯಾಕೆ ಎಂದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ಕೊಕ್ಕೆ: ಮುಂದುವರಿದ ಭಾಗಗಳು ಐದರ ಲೆಕ್ಕಕ್ಕೆ ಬರುವುದಿಲ್ಲ. ನೇರ ವಿಡಿಯೊಗೆಂದು ಶುರುವಾದ ‘ಟಾಯ್ ಸ್ಟೋರಿ 2’ ಚಿತ್ರಮಂದಿರಕ್ಕೆ ಬಂದು ಗೆದ್ದರೂ ಡಿಸ್ನಿ ಅದನ್ನು ಎಣಿಸಲು ಒಪ್ಪಲಿಲ್ಲ.

‘ಟಾಯ್ ಸ್ಟೋರಿ 2’ರ ಕಡತಗಳೆಲ್ಲ ಅಳಿಸಿಹೋಗಿದ್ದವಂತೆ. ಹೇಗೆ ಆಯಿತು?

1998ರಲ್ಲಿ ಯಾರೋ ಚಿತ್ರದ ಮೂಲ ಫೋಲ್ಡರ್‌ನಲ್ಲೇ ಯುನಿಕ್ಸ್‌ನ ಅಳಿಸುವ ಆದೇಶ ಕೊಟ್ಟರು. ಆ ಆದೇಶ ‘ಖಂಡಿತವೆ?’ ಎಂದು ಕೇಳುವುದಿಲ್ಲ, ಒಳಗಿನ ಫೋಲ್ಡರ್‌ಗಳನ್ನೂ ಬಿಡದೆ ಒರೆಸುತ್ತ ಹೋಗುತ್ತದೆ. ಪಾತ್ರಗಳು ಒಂದೊಂದಾಗಿ ಮಾಯವಾಗುತ್ತಿರುವುದನ್ನು ಕಂಡು ಯಂತ್ರದ ಸಂಪರ್ಕ ಕಿತ್ತರು. ಅಷ್ಟರಲ್ಲಿ ಸುಮಾರು 90% ಹೋಗಿತ್ತು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೆಲವು ವಾರಗಳಿಂದ ಸರಿಯಾಗಿ ಆಗುತ್ತಿರಲಿಲ್ಲ.

ಉಳಿಸಿದ್ದು ತಾಂತ್ರಿಕ ಮೇಲ್ವಿಚಾರಕಿ ಗೇಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್. ಹೆರಿಗೆಯಾದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದುದರಿಂದ ಅಲ್ಲೊಂದು ಪ್ರತಿ ಇತ್ತು. ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು. ಆ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಕಡತ ಕಡತವನ್ನೂ ಹೋಲಿಸಿ ಮತ್ತೆ ಕಟ್ಟಿದರು. ಬ್ಯಾಕಪ್ ಇಟ್ಟರೆ ಸಾಲದು, ಆಗಾಗ ಅದರಿಂದ ಕಡತ ಮರಳಿ ತೆಗೆದು ತೆರೆದು ನೋಡಬೇಕು. ಚಿಕ್ಕ ಸ್ಟುಡಿಯೊಗಳಲ್ಲಿ ಇವತ್ತಿಗೂ ತಪ್ಪುವ ಕೆಲಸ ಇದೇ.

2004ರಲ್ಲಿ ಡಿಸ್ನಿ, ಪಿಕ್ಸಾರ್ ಬೇರೆಯಾದದ್ದೇಕೆ?

ಚಿತ್ರದ ಒಡೆತನ ಪೂರ್ತಿ ತನ್ನದಾಗಿರಬೇಕು, ಡಿಸ್ನಿಗೆ ವಿತರಣೆಯ ಶುಲ್ಕ ಮಾತ್ರ ಎಂದು ಪಿಕ್ಸಾರ್ ಕೇಳಿತು. ಕರಾರಿನಲ್ಲಿ ಉಳಿದಿದ್ದ ಎರಡು ಚಿತ್ರಗಳಿಗೂ ಇದೇ ಅನ್ವಯವಾಗಬೇಕು ಎಂದಿತು. ಡಿಸ್ನಿಯ ಸಿಇಒ ಮೈಕೆಲ್ ಐಸ್ನರ್ ಒಪ್ಪಲಿಲ್ಲ. ಅವರಿಗೂ ಜಾಬ್ಸ್‌ಗೂ ಮೊದಲೇ ಆಗಿಬರುತ್ತಿರಲಿಲ್ಲ. 2004ರ ಜನವರಿಯಲ್ಲಿ ಮಾತುಕತೆ ಮುರಿಯಿತು. ಮುಂದುವರಿದ ಭಾಗಗಳ ಹಕ್ಕು ಡಿಸ್ನಿ ಬಳಿಯೇ ಇತ್ತಲ್ಲ, ಪಿಕ್ಸಾರ್ ಇಲ್ಲದೆಯೇ ‘ಟಾಯ್ ಸ್ಟೋರಿ 3’ ಮಾಡಲು ‘ಸರ್ಕಲ್ 7’ ಎಂಬ ಸ್ಟುಡಿಯೊ ತೆರೆಯಿತು. ತಾವು ಸಾಕಿದ ಪಾತ್ರಗಳು ಬೇರೆಯವರ ಕೈಸೇರುತ್ತವೆ ಎಂಬ ಸಂಕಟ ಪಿಕ್ಸಾರ್‌ನವರನ್ನು ಬಹಳ ಕಾಡಿತು. ವಿಲೀನದ ನಂತರ 2006ರಲ್ಲಿ ಆ ಸ್ಟುಡಿಯೊ ಮುಚ್ಚಿತು.

ಮತ್ತೆ ಒಂದಾಗಲು ಯಾರು ಕೈಚಾಚಿದರು?

ಬಾಬ್ ಐಗರ್. 2005ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಉದ್ಘಾಟನೆಯ ಮೆರವಣಿಗೆ ನೋಡುವಾಗ, ಕಳೆದ ಹತ್ತು ವರ್ಷಗಳಲ್ಲಿ ಹುಟ್ಟಿದ ಪಾತ್ರಗಳೆಲ್ಲ ಪಿಕ್ಸಾರ್‌ನವೇ ಎಂಬುದು ಅವರಿಗೆ ಹೊಳೆಯಿತು. ಅಕ್ಟೋಬರ್ 1ಕ್ಕೆ ಐಸ್ನರ್ ಜಾಗದಲ್ಲಿ ಡಿಸ್ನಿಯ ಸಿಇಒ ಪಟ್ಟ ಏರಿದವರು ಬೇಗನೆ ಜಾಬ್ಸ್ ಬಳಿ ಪಿಕ್ಸಾರ್ ಕೊಳ್ಳುವ ವಿಷಯ ಎತ್ತಿದರು.

ಡಿಸ್ನಿ ಪಿಕ್ಸಾರ್‌ಗೆ ಕೊಟ್ಟ ಬೆಲೆ 740 ಕೋಟಿ ಡಾಲರೋ, 630 ಕೋಟಿಯೋ?

ಎರಡೂ ಸರಿ. 2006ರ ಜನವರಿ 24ರಂದು ಪ್ರಕಟವಾದ ಮೊತ್ತ 740 ಕೋಟಿ ಡಾಲರ್. ಪಿಕ್ಸಾರ್ ಖಾತೆಯಲ್ಲಿ 100 ಕೋಟಿ ಡಾಲರ್‌ಗೂ ಮಿಕ್ಕ ನಗದು ಇತ್ತು, ಅದೂ ಡಿಸ್ನಿಗೇ ಬರುವುದರಿಂದ ನಿವ್ವಳ 630 ಕೋಟಿ. ಕೊಟ್ಟದ್ದು ನಗದನ್ನಲ್ಲ, ಷೇರನ್ನು. ಪಿಕ್ಸಾರ್‌ನ ಒಂದಕ್ಕೆ ಡಿಸ್ನಿಯ 2.3. ಆಗ ಡಿಸ್ನಿ ಷೇರು 25.99 ಡಾಲರ್‌ಗೆ ಮುಗಿದಿತ್ತು, ಅಂದರೆ ಪಿಕ್ಸಾರ್ ಷೇರಿಗೆ 59.78 ಡಾಲರ್. ವ್ಯವಹಾರ ಪೂರ್ತಿಯಾದದ್ದು 2006ರ ಮೇ 5ರಂದು.

ಐಪಿಒದಲ್ಲಿ 100 ಷೇರು ಕೊಂಡವರಿಗೆ ಏನು ಸಿಕ್ಕಿತು?

22 ಡಾಲರ್‌ನಂತೆ 2,200 ಡಾಲರ್ ಹಾಕಿದ್ದರು. 2005ರಲ್ಲಿ ಷೇರು ಒಂದಕ್ಕೆರಡಾಗಿ ಒಡೆದು 200 ಆಯಿತು. 2.3ರಿಂದ ಗುಣಿಸಿದರೆ 460 ಡಿಸ್ನಿ ಷೇರು, 25.99ರ ದರದಲ್ಲಿ 11,955 ಡಾಲರ್. ಇದೇ ದಾರಿಯಲ್ಲಿ ಜಾಬ್ಸ್ ಲೆಕ್ಕ ನೋಡಿ: 3 ಕೋಟಿ ಷೇರು 6 ಕೋಟಿಯಾಗಿ, ಕೊನೆಗೆ 13.8 ಕೋಟಿ ಡಿಸ್ನಿ ಷೇರು. ಅದು ಡಿಸ್ನಿಯ ಸುಮಾರು 7%. ಆ ಕಂಪನಿಯ ಅತಿ ದೊಡ್ಡ ವೈಯಕ್ತಿಕ ಷೇರುದಾರರಾಗಿ ಅವರು ನಿರ್ದೇಶಕ ಮಂಡಳಿ ಸೇರಿದರು.

ಪಿಕ್ಸಾರ್ ಏನೇನು ಷರತ್ತು ಹಾಕಿತ್ತು?

ಸ್ಟುಡಿಯೊ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲೇ ಇರಬೇಕು, ಗೇಟಿನ ಮೇಲೆ ಪಿಕ್ಸಾರ್ ಹೆಸರೇ ಇರಬೇಕು. ಸಿಬ್ಬಂದಿಯ ನಿಯಮಗಳು ಬದಲಾಗಬಾರದು. ಹಾಲಿವುಡ್‌ನ ರೂಢಿಯಂತೆ ಉದ್ಯೋಗಿಗಳಿಂದ ವರ್ಷಗಳ ಕರಾರಿಗೆ ಸಹಿ ಹಾಕಿಸಬಾರದು. ಚಿತ್ರಗಳ ಮೇಲೆ ಡಿಸ್ನಿ, ಪಿಕ್ಸಾರ್ ಎರಡೂ ಹೆಸರು ಇರಬೇಕು.

ಇದಕ್ಕಿಂತ ದೊಡ್ಡ ವಿಷಯ ಹುದ್ದೆಗಳದು. ಕೊಂಡವರು ತಮ್ಮದೇ ಆನಿಮೇಷನ್ ವಿಭಾಗವನ್ನು ಮಾರಿದವರ ಕೈಗೆ ಒಪ್ಪಿಸಿದರು. ಕ್ಯಾಟ್ಮಲ್ ಎರಡೂ ಸ್ಟುಡಿಯೊಗಳ ಅಧ್ಯಕ್ಷರಾದರು, ಲ್ಯಾಸೆಟರ್ ಎರಡರ ಸೃಜನಶೀಲ ಮುಖ್ಯಸ್ಥರಾದರು. ಕಾರ್ಪೊರೇಟ್ ಖರೀದಿಗಳಲ್ಲಿ ಇಂಥದ್ದು ಕಾಣಸಿಗುವುದು ಅಪರೂಪ. ಡಿಸ್ನಿಗೆ ಬೇಕಾಗಿದ್ದುದು ಕೆಲಸ ಬಲ್ಲ ಜನ. ಕರಾರಿನಲ್ಲಿ ಕಟ್ಟಿಹಾಕದ ಜನ ಮುನಿಸಿಕೊಂಡು ಎದ್ದುಹೋದರೆ 740 ಕೋಟಿ ಕೊಟ್ಟು ಕೊಂಡದ್ದು ಕಟ್ಟಡ ಮತ್ತು ಹಳೆಯ ಚಿತ್ರಗಳ ಅರ್ಧ ಪಾಲು ಮಾತ್ರ ಎಂದಾಗುತ್ತಿತ್ತು.

ಎರಡು ಸ್ಟುಡಿಯೊಗಳನ್ನು ಸೇರಿಸಿದ್ದರೆ ಖರ್ಚು ಉಳಿಯುತ್ತಿರಲಿಲ್ಲವೆ?

ಉಳಿಯುತ್ತಿತ್ತು, ಆದರೆ ಬೇಕೆಂದೇ ಸೇರಿಸಲಿಲ್ಲ. ಒಬ್ಬರ ಚಿತ್ರ ಸಿಕ್ಕಿಹಾಕಿಕೊಂಡರೆ ಇನ್ನೊಬ್ಬರು ಜನರನ್ನು ಕಳಿಸಿ ಬಿಡಿಸುವಂತಿಲ್ಲ ಎಂಬ ನಿಯಮವನ್ನೇ ಇಟ್ಟುಕೊಂಡರು. ಅಭಿಪ್ರಾಯ ಕೊಡಬಹುದು, ಕೆಲಸ ಮಾಡಿಕೊಡುವಂತಿಲ್ಲ. ಸೋತು ಕೂತಿದ್ದ ಡಿಸ್ನಿ ಆನಿಮೇಷನ್ 2010ರಲ್ಲಿ ‘ಟ್ಯಾಂಗಲ್ಡ್’, 2013ರಲ್ಲಿ ‘ಫ್ರೋಜನ್’ ಮಾಡಿ ಎದ್ದು ನಿಂತದ್ದು ಹಳೆಯ ಸಿಬ್ಬಂದಿಯಲ್ಲಿ ಹೆಚ್ಚಿನವರನ್ನು ಇಟ್ಟುಕೊಂಡೇ.

ಅಷ್ಟು ಬೆಲೆ ಕೊಟ್ಟದ್ದು ಸಾರ್ಥಕವಾಯಿತೆ?

ನಮ್ಮ ಅಭಿಪ್ರಾಯದಲ್ಲಿ ಹೌದು. 2010ರ ‘ಟಾಯ್ ಸ್ಟೋರಿ 3’ ವಿಶ್ವದಾದ್ಯಂತ 100 ಕೋಟಿ ಡಾಲರ್ ದಾಟಿತು, 2024ರ ‘ಇನ್‌ಸೈಡ್ ಔಟ್ 2’ ಸುಮಾರು 169 ಕೋಟಿ. ಆಟಿಕೆ, ಬಟ್ಟೆ, ಪಾರ್ಕುಗಳ ಗಳಿಕೆ ಬೇರೆ. ಈ ಅನುಭವದ ಧೈರ್ಯದ ಮೇಲೆಯೇ ಡಿಸ್ನಿ 2009ರಲ್ಲಿ ಮಾರ್ವೆಲ್‌ಗೂ 2012ರಲ್ಲಿ ಲ್ಯೂಕಸ್‌ಫಿಲ್ಮ್‌ಗೂ ಕೈಹಾಕಿತು. ಹೀಗೆ ಲ್ಯೂಕಸ್ 1986ರಲ್ಲಿ ಬೇರ್ಪಡಿಸಿದ ತಂಡ ಮತ್ತು ಅದರ ತಾಯಿಕಂಪನಿ ಒಂದೇ ಒಡೆತನಕ್ಕೆ ಬಂದವು.

ಎಲ್ಲವೂ ಸುಖವಾಗಿಯೇ ನಡೆಯಲಿಲ್ಲ. ಕೋವಿಡ್ ಕಾಲದಲ್ಲಿ ಮೂರು ಚಿತ್ರಗಳನ್ನು ಅಮೆರಿಕದಲ್ಲಿ ಚಿತ್ರಮಂದಿರ ಬಿಟ್ಟು ನೇರ ಡಿಸ್ನಿ ಪ್ಲಸ್‌ಗೆ ಹಾಕಿದರು. ಪಿಕ್ಸಾರ್ ಚಿತ್ರವನ್ನು ಮನೆಯಲ್ಲೇ ನೋಡಬಹುದು ಎಂಬ ಅಭ್ಯಾಸ ಪ್ರೇಕ್ಷಕರಿಗೆ ಹತ್ತಿದ ಮೇಲೆ ಬಿಡಿಸುವುದು ಕಷ್ಟವಾಯಿತು. 2024ರ ಮೇ ತಿಂಗಳಲ್ಲಿ ಸಿಬ್ಬಂದಿಯ ಸುಮಾರು 14% ಜನ ಕೆಲಸ ಕಳೆದುಕೊಂಡರು.

ಉದ್ಯೋಗಿಗಳ ಸಂಬಳದ ವಿಷಯದಲ್ಲಿ ಒಂದು ಕೇಸು ನಡೆದಿತ್ತಲ್ಲ?

ಪಿಕ್ಸಾರ್ ಹೊಗಳುವವರು ಇದನ್ನು ಮರೆಯಬಾರದು. ಪರಸ್ಪರರ ಉದ್ಯೋಗಿಗಳಿಗೆ ತಾವಾಗಿ ಕೆಲಸದ ಕರೆ ಕೊಡಬಾರದೆಂದು ಕಂಪನಿಗಳು ಒಳಒಪ್ಪಂದ ಮಾಡಿಕೊಂಡಿವೆ ಎಂದು ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ದಾವೆ ಹೂಡಿತು. ಆ್ಯಪಲ್, ಗೂಗಲ್ ಜೊತೆ ಪಿಕ್ಸಾರ್ ಕೂಡ ಅದರಲ್ಲಿತ್ತು, ರಾಜಿಯಾಯಿತು. ಬೇರೆ ಕಡೆಯಿಂದ ಕರೆಯೇ ಬರದಿದ್ದರೆ ಸಂಬಳ ಏರುವುದಿಲ್ಲ. ಆನಿಮೇಷನ್ ಕೆಲಸಗಾರರು ಹೂಡಿದ ಪ್ರತ್ಯೇಕ ದಾವೆಯಲ್ಲಿ ಡಿಸ್ನಿ, ಪಿಕ್ಸಾರ್, ಲ್ಯೂಕಸ್‌ಫಿಲ್ಮ್ ಸೇರಿ 2017ರಲ್ಲಿ 10 ಕೋಟಿ ಡಾಲರ್ ಕೊಡಲು ಒಪ್ಪಿದವು.

ಹಳಬರು ಈಗಲೂ ಇದ್ದಾರೆಯೆ?

ಆಲ್ವಿ ರೇ ಸ್ಮಿತ್ 1991ರಲ್ಲೇ ಹೊರಟರು. ಜಾಬ್ಸ್ 2011ರ ಅಕ್ಟೋಬರ್ 5ರಂದು ತೀರಿಕೊಂಡರು. ಲ್ಯಾಸೆಟರ್, ತಮ್ಮ ನಡವಳಿಕೆಯಿಂದ ಸಹೋದ್ಯೋಗಿಗಳಿಗೆ ಮುಜುಗರವಾಗಿದ್ದರೆ ಕ್ಷಮೆ ಇರಲಿ ಎಂದು ಪತ್ರ ಬರೆದು 2017ರಲ್ಲಿ ರಜೆಯ ಮೇಲೆ ಹೋದರು, 2018ರ ಕೊನೆಗೆ ಡಿಸ್ನಿ ಬಿಟ್ಟರು. ಕ್ಯಾಟ್ಮಲ್ ನಿವೃತ್ತರಾದರು. 2018ರಿಂದ ಸೃಜನಶೀಲ ಮುಖ್ಯಸ್ಥರು ಪೀಟ್ ಡಾಕ್ಟರ್.

ಈ ಸಲಕರಣೆಗಳನ್ನು ನಮ್ಮೂರಿನ ವಿದ್ಯಾರ್ಥಿ ಕಲಿಯಬಹುದೆ?

ಕಲಿಯಬಹುದು, ಕಾಸಿಲ್ಲದೆ. ರೆಂಡರ್‌ಮ್ಯಾನ್ 2015ರಿಂದ ವಾಣಿಜ್ಯೇತರ ಬಳಕೆಗೆ ಉಚಿತ. ಚಿತ್ರದ ಮೇಲೆ ಯಾವ ಮುದ್ರೆಯೂ ಬೀಳುವುದಿಲ್ಲ, ಆದರೆ ಗಿರಾಕಿಯಿಂದ ಹಣ ಪಡೆಯುವ ಕೆಲಸಕ್ಕೆ ಬಳಸುವಂತಿಲ್ಲ. ಅದಕ್ಕೆ ಪರವಾನಗಿ ಕೊಳ್ಳಬೇಕು. ಹಲವರು ಒಂದೇ ದೃಶ್ಯದ ಮೇಲೆ ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸದಂತೆ ದುಡಿಯಲು ಪಿಕ್ಸಾರ್ ಕಟ್ಟಿದ ಯುಎಸ್‌ಡಿ ಎಂಬ ಕಡತ ವ್ಯವಸ್ಥೆಯನ್ನು 2016ರಲ್ಲಿ ಮುಕ್ತವಾಗಿ ಬಿಟ್ಟರು, ಈಗ ಬ್ಲೆಂಡರ್, ಮಾಯಾ, ಹುಡಿನಿ ಎಂಬ ಆನಿಮೇಷನ್ ಸಾಫ್ಟ್‌ವೇರ್‌ಗಳೆಲ್ಲವೂ ಅದನ್ನು ಓದುತ್ತವೆ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೆಲಸ ಹುಡುಕುವವರು ಮೊದಲು ಯುಎಸ್‌ಡಿಯನ್ನೇ ಹಿಡಿಯುವುದು ಒಳ್ಳೆಯದು. ರೆಂಡರರ್ ಸ್ಟುಡಿಯೊದಿಂದ ಸ್ಟುಡಿಯೊಗೆ ಬದಲಾಗುತ್ತದೆ, ದೃಶ್ಯವನ್ನು ಪದರ ಪದರವಾಗಿ ಜೋಡಿಸುವ ಕ್ರಮ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.